ಸುಣ್ಣದ ಗೋಡೆ, ಸುಣ್ಣದ ಜೋಳ

ಮೆಕ್ಸಿಕೊ ನಗರದ ಹಳೇ ಪೇಟೆಯಲ್ಲಿ ಬೆಳಗಿನ ಒಂಬತ್ತು ಹತ್ತರ ಹೊತ್ತಿಗೆ ಪುಟ್ಟ ಪುಟ್ಟ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಮುಂದೆ ಒಬ್ಬ ಮಾರ್ಗದರ್ಶಿ, ಹಿಂದೆ ಎಂಟೋ ಹತ್ತೋ ಮಂದಿ. ಗುಂಪು ಯಾವುದೋ ಹಳೆಯ ಕಟ್ಟಡದ ಅಂಗಳ ಹೊಕ್ಕು ಗೋಡೆಯ ಚಿತ್ರಗಳ ಮುಂದೆ ನಿಲ್ಲುತ್ತದೆ. ಹೊರಗೆ ಬಂದು ಬೀದಿ ಬದಿಯ ಕಾದ ಹಂಚಿನ ಮುಂದೆ ನಿಲ್ಲುತ್ತದೆ. ಮತ್ತೆ ಗೋಡೆ, ಮತ್ತೆ ಹಂಚು. ಕಲೆಯ ಚರಿತ್ರೆಯನ್ನೂ ಊರಿನ ಊಟವನ್ನೂ ಒಂದೇ ದಾರಿಯಲ್ಲಿ ಕೂಡಿಸುವ ಈ ನಡಿಗೆಗಳು, ಪ್ರವಾಸಿಗರ ಕಾಲುನೋವು ಮರೆಸಲು ಹೂಡಿದ ಉಪಾಯವೆಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಊರಿನ ಮಟ್ಟಿಗೆ ಎರಡನ್ನೂ ಜೊತೆಗೇ ನೋಡುವುದು ಸರಿಯಾದ ಕ್ರಮ. ಇಲ್ಲಿನ ಗೋಡೆಗಳ ಮೇಲಿರುವುದು ಬಹುಪಾಲು ಅನ್ನದ ಕಥೆ: ಯಾರು ಬೆಳೆದರು, ಯಾರು ಅರೆದರು, ಕೊನೆಗೆ ಯಾರು ಉಂಡರು ಎಂಬುದು. ಇದಲ್ಲದೆ ಇನ್ನೊಂದು ನಂಟೂ ಇದೆ. ಇಲ್ಲಿ ಚಿತ್ರ ನಿಂತಿರುವುದೂ ಸುಣ್ಣದ ಮೇಲೆ, ಊಟ ನಿಂತಿರುವುದೂ ಸುಣ್ಣದ ಮೇಲೆ.

ನಡಿಗೆ ಸಾಮಾನ್ಯವಾಗಿ ಸೊಕಾಲೊ ಎಂಬ ದೊಡ್ಡ ಚೌಕದಿಂದ ಶುರುವಾಗುತ್ತದೆ. ಮೆಶಿಕಾ ಜನ 1325ರಲ್ಲಿ ಸರೋವರದ ನಡುಗಡ್ಡೆಯ ಮೇಲೆ ಕಟ್ಟಿದ ಟೆನೋಚ್‌ಟಿಟ್ಲಾನ್ ನಗರದ ನಡುಮನೆ ಇದೇ. 1521ರ ಆಗಸ್ಟ್ 13ರಂದು ಅದು ಸ್ಪೇನಿನ ಎರ್ನಾನ್ ಕೊರ್ತೆಸನಿಗೂ ಅವನ ಜೊತೆ ಸೇರಿದ್ದ ನೆರೆಹೊರೆಯ ಜನರ ಪಡೆಗೂ ಸೋತಿತು. ಗುಡಿಗಳನ್ನು ಕೆಡವಿ, ಅದೇ ಕಲ್ಲಿನಿಂದ ಹೊಸ ಊರು ಎದ್ದಿತು. ಹಳೆಯದೆಲ್ಲ ಮಣ್ಣುಪಾಲಾಯಿತು ಎಂದುಕೊಂಡಿದ್ದವರಿಗೆ 1978ರ ಫೆಬ್ರವರಿ 21ರಂದು ಉತ್ತರ ಸಿಕ್ಕಿತು. ಚೌಕದ ಪಕ್ಕದ ಬೀದಿಯ ಮೂಲೆಯಲ್ಲಿ ನೆಲ ಅಗೆಯುತ್ತಿದ್ದ ವಿದ್ಯುತ್ ಕಂಪನಿಯ ಕೆಲಸಗಾರರಿಗೆ ಮೂರು ಮೀಟರಿಗೂ ಹೆಚ್ಚು ಅಗಲದ, ಕೊಯೊಲ್‌ಶಾವ್‌ಕಿ ದೇವತೆಯನ್ನು ಕೆತ್ತಿದ ದುಂಡುಕಲ್ಲು ಎದುರಾಯಿತು. ಅದರ ಬೆನ್ನಿಗೇ ಅಗೆದು ತೆಗೆದ ಮಹಾಗುಡಿಯ ಪಾಯ ಇವತ್ತು ಬಯಲಿನಲ್ಲಿ ಕಾಣುತ್ತದೆ. 1987ರಲ್ಲಿ ಯುನೆಸ್ಕೊ ಈ ಹಳೇ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಡಿಗೆಯ ಮುಖ್ಯ ತಾಣಗಳೆಲ್ಲ ಈ ಚೌಕದ ಸುತ್ತ ಒಂದು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ.

ಗುಡಿಯ ಪಾಯ ದಾಟಿ ಉತ್ತರಕ್ಕೆ ನಡೆದರೆ ಸಿಗುವುದು ಶಿಕ್ಷಣ ಸಚಿವಾಲಯದ ಹಳೆಯ ಕಟ್ಟಡ. ಹತ್ತು ವರ್ಷಗಳ ಕ್ರಾಂತಿ, ಕದನ, ಹಸಿವೆಯಿಂದ ಬಸವಳಿದಿದ್ದ ದೇಶಕ್ಕೆ 1921ರಲ್ಲಿ ಹೊಸೆ ವಾಸ್ಕೊನ್ಸೆಲೊಸ್ ಶಿಕ್ಷಣ ಸಚಿವನಾದ. ಹಳ್ಳಿಗಳಲ್ಲಿ ಅಕ್ಷರ ಬಲ್ಲವರೇ ವಿರಳ. ಊರೂರಿಗೆ ಶಾಲೆ, ಗ್ರಂಥಾಲಯ ಕಟ್ಟಿಸುತ್ತಲೇ ಅವನು ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರ ಕೈಗೆ ಒಪ್ಪಿಸಿದ. ಅದೇ ವರ್ಷ ಯುರೋಪಿನಿಂದ ಮರಳಿದ್ದ ಡಿಯೆಗೊ ರಿವೆರಾ 1923ರಲ್ಲಿ ಈ ಕಟ್ಟಡದ ಕೆಲಸ ಹಿಡಿದು 1928ರವರೆಗೆ ದುಡಿದ. ಎರಡು ಅಂಗಳ, ಮೂರು ಅಂತಸ್ತು, ನೂರಕ್ಕೂ ಹೆಚ್ಚು ಚಿತ್ರಗಳು. ಒಂದು ಅಂಗಳ ದುಡಿಮೆಗೆ ಮೀಸಲು: ಗಣಿಗೆ ಇಳಿಯುವವರು, ಆಲೆಮನೆಯಲ್ಲಿ ಬೆಲ್ಲದ ಪಾಕ ಮೊಗೆಯುವವರು, ನೇಕಾರರು, ಬಣ್ಣಗಾರರು. ಇನ್ನೊಂದು ಹಬ್ಬಗಳಿಗೆ. ಅಲ್ಲಿ ಮೆಕ್ಕೆಜೋಳದ ಹಬ್ಬವಿದೆ, ಸತ್ತ ಹಿರಿಯರಿಗೆ ಎಡೆಯಿಡುವ ದಿನವಿದೆ, ಬೀದಿಯಲ್ಲೇ ತಿನ್ನುತ್ತ ಕುಡಿಯುತ್ತ ನೆರೆದ ಜನಜಂಗುಳಿಯಿದೆ. 2024ರಲ್ಲಿ ಈ ಕಟ್ಟಡವನ್ನು ಭಿತ್ತಿಚಿತ್ರಗಳ ಮ್ಯೂಸಿಯಂ ಆಗಿ ತೆರೆದ ಮೇಲೆ ಒಳಗೆ ನಿಧಾನವಾಗಿ ಅಡ್ಡಾಡುವುದು ಸುಲಭವಾಗಿದೆ.

ಒಳ್ಳೆಯ ಮಾರ್ಗದರ್ಶಿ ಇಲ್ಲಿ ಚಿತ್ರದ ಅರ್ಥ ಹೇಳುವ ಮೊದಲು ಗೋಡೆಯನ್ನೇ ತೋರಿಸುತ್ತಾನೆ. ಇದು ಒಣಗಿದ ಗೋಡೆಗೆ ಬಳಿದ ಬಣ್ಣವಲ್ಲ. ಚೆನ್ನಾಗಿ ನೀರು ಕುಡಿದು ಅರಳಿದ ಸುಣ್ಣಕ್ಕೆ ಮರಳನ್ನೋ ಅಮೃತಶಿಲೆಯ ಪುಡಿಯನ್ನೋ ಬೆರೆಸಿ ಗಾರೆ ಮಾಡುತ್ತಾರೆ. ಅವತ್ತು ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಅದನ್ನು ತೆಳ್ಳಗೆ ಮೆತ್ತುತ್ತಾರೆ. ಬರೀ ನೀರಿನಲ್ಲಿ ಅರೆದ ಬಣ್ಣದ ಪುಡಿಯನ್ನು ಗಾರೆ ಹಸಿಯಿರುವಾಗಲೇ ಕುಂಚದಿಂದ ಹಚ್ಚಬೇಕು. ಆರುತ್ತ ಹೋದಂತೆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣವನ್ನು ತನ್ನೊಳಗೆ ಕಟ್ಟಿಹಾಕುತ್ತದೆ. ಗಾರೆಯವರು ರಾತ್ರಿಯೇ ಗೋಡೆ ಸಿದ್ಧಮಾಡಬೇಕು, ಚಿತ್ರಕಾರ ನಸುಕಿಗೇ ಅಟ್ಟಣೆ ಏರಬೇಕು. ಗಾರೆ ಆರಿದರೆ ಅವತ್ತಿನ ಕೆಲಸ ಮುಗಿದಂತೆ. ತಪ್ಪಿದ್ದರೆ ಅಷ್ಟು ಗಾರೆಯನ್ನೂ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಗೋಡೆಯ ಬದಿಗೆ ನಿಂತು ನೋಡಿದರೆ ಒಂದು ದಿನದ ಗಾರೆ ಇನ್ನೊಂದು ದಿನದ ಗಾರೆಗೆ ಕೂಡುವ ಗೆರೆ ಕಾಣುತ್ತದೆ. ಆ ಗೆರೆ ಒಂದು ತೋಳಿನ ಅಂಚಿಗೋ ಟೋಪಿಯ ಸುತ್ತಿಗೋ ಸರಿಯಾಗಿ ಹೊಂದಿಕೊಂಡು ಸಾಗುತ್ತದೆ. ಯಾವ ಆಕೃತಿಯ ಅಂಚಿನಲ್ಲಿ ದಿನದ ಕೆಲಸ ನಿಲ್ಲಿಸಬೇಕೆಂಬುದು ಮೊದಲೇ ಗೊತ್ತಿದ್ದವನ ಕೈ ಅದು.

ಶುರುವಿನಲ್ಲಿ ರಿವೆರಾ ಇದಕ್ಕೊಂದು ನಾಡಿನದೇ ವಿಧಾನ ಹುಡುಕಿದ್ದ. ಹಿಂದಿನ ಕಾಲದ ಮೆಕ್ಸಿಕೊದ ಚಿತ್ರಕಾರರು ಪಾಪಾಸುಕಳ್ಳಿಯ ಲೋಳೆಯನ್ನು ಬಣ್ಣಕ್ಕೆ ಬೆರೆಸುತ್ತಿದ್ದರೆಂದು ನಂಬಿ, ಅವನೂ ಅವನ ಜೊತೆಗಾರ ಹಾವಿಯೆರ್ ಗೆರೆರೊನೂ ಅದನ್ನೇ ಬಳಸಿದರು. ಲೋಳೆ ಕೊಳೆತು ಗೋಡೆಯ ಮೇಲೆ ಕಲೆಗಳೆದ್ದವು. ಆ ಪ್ರಯೋಗ ಬಿಟ್ಟು ಅವರು ಇಟಲಿಯ ಹಳೆಯ ಹಸಿಗಾರೆಯ ಪದ್ಧತಿಗೆ ಬಂದರು. ಆ ಕಳ್ಳಿ ಗೋಡೆಗೆ ಒಗ್ಗದಿದ್ದರೂ ಅಡುಗೆಮನೆ ಬಿಟ್ಟು ಹೋಗಿಲ್ಲ. ಸಚಿವಾಲಯದ ಬಾಗಿಲು ದಾಟಿ ಒಂದೆರಡು ಬೀದಿ ನಡೆದರೆ, ಮುಳ್ಳು ಹೆರೆದು ಬೆರಳಗಲ ಹೆಚ್ಚಿದ ಅದರ ಹಸಿರು ಪಟ್ಟಿಗಳು, ಅವರ ಮಾತಿನಲ್ಲಿ ನೊಪಾಲ್, ಹಂಚಿನ ಮೇಲೆ ಬೇಯುತ್ತಿರುತ್ತವೆ.

ಆ ಹಂಚಿನ ಹತ್ತಿರ ನಿಲ್ಲಬೇಕಾದದ್ದು ಇದೇ ಘಟ್ಟದಲ್ಲಿ. ಹಂಚಿನ ಹಿಂದೆ ಕೂತ ಹೆಂಗಸು ನೀಲಿ ಮೆಕ್ಕೆಜೋಳದ ಮೆತ್ತನೆಯ ಹಿಟ್ಟಿನಿಂದ ಒಂದು ಉಂಡೆ ಕಿತ್ತು, ಹೆಬ್ಬೆರಳಿನಿಂದ ಗುಳಿ ಮಾಡಿ, ಅದರೊಳಗೆ ಬೇಯಿಸಿ ಅರೆದ ಅವರೆಜಾತಿಯ ಕಾಳಿನ ಹೂರಣ ಇಟ್ಟು ಮುಚ್ಚುತ್ತಾಳೆ. ಎರಡೂ ಅಂಗೈಗಳ ನಡುವೆ ತಟ್ಟುತ್ತ ತಟ್ಟುತ್ತ ಅದಕ್ಕೆ ಎರಡೂ ತುದಿ ಚೂಪಾದ ದೋಣಿಯ ಆಕಾರ ಬರಿಸುತ್ತಾಳೆ. ಇದು ತ್ಲಾಕೊಯೊ. ಎಣ್ಣೆಯಿಲ್ಲದೆ ಎರಡೂ ಬದಿ ಬೆಂದ ಮೇಲೆ ಅದರ ಮೇಲೆ ನೊಪಾಲ್, ಈರುಳ್ಳಿ, ಉದುರಿಸಿದ ಚೀಸು, ಹಸಿರು ಇಲ್ಲವೇ ಕೆಂಪು ಖಾರ. ಆ ತಟ್ಟುವ ಸದ್ದು ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಬೆಳಗಾಗುತ್ತಲೇ ಕೇಳುವ ರೊಟ್ಟಿ ಬಡಿಯುವ ಸದ್ದಿನಂತೆಯೇ ಇದೆ. ಆದರೆ ಹಿಟ್ಟು ಬೇರೆ ಬಗೆಯದು. ಒಣ ಕಾಳನ್ನು ಬೀಸಿ, ಬಿಸಿನೀರು ಹಾಕಿ ನಾದಿದ್ದಲ್ಲ ಅದು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಬಿಟ್ಟು, ಬೆಳಿಗ್ಗೆ ತೊಳೆದು ಹಸಿಯಾಗಿಯೇ ಅರೆದದ್ದು.

ಈ ಕ್ರಮಕ್ಕೆ ನಿಷ್ತಮಾಲ್ ಎನ್ನುತ್ತಾರೆ. ನೂರು ಪಾಲು ಜೋಳಕ್ಕೆ ಸುಮಾರು ಒಂದು ಪಾಲು ಸುಣ್ಣ ಸಾಕು. ಸುಣ್ಣದ ನೀರಿನ ಕ್ಷಾರಕ್ಕೆ ಕಾಳಿನ ಮೇಲಿನ ಗಟ್ಟಿ ಸಿಪ್ಪೆ ಕರಗಿ ಸಡಿಲವಾಗುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಬರೀ ಮೆಕ್ಕೆಜೋಳದ ಒಣಹಿಟ್ಟು ಕಲಸಿದರೆ ಒಡೆದು ಚೂರಾಗುವ ರೊಟ್ಟಿ, ಹೀಗೆ ಮಾಡಿದಾಗ ಕಾಗದದಂತೆ ಮಡಚಲು ಬರುತ್ತದೆ. ಇದಕ್ಕಿಂತ ದೊಡ್ಡ ಲಾಭ ಕಣ್ಣಿಗೆ ಕಾಣದ್ದು. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ3 ಜೀವಸತ್ವ ಇದ್ದರೂ ದೇಹಕ್ಕೆ ದಕ್ಕದ ಹಾಗೆ ಕಟ್ಟಿಕೊಂಡಿರುತ್ತದೆ. ಸುಣ್ಣ ಆ ಕಟ್ಟು ಬಿಡಿಸುತ್ತದೆ, ಜೊತೆಗೆ ಒಂದಿಷ್ಟು ಕ್ಯಾಲ್ಸಿಯಂ ಸೇರಿಸುತ್ತದೆ. ಸ್ಪೇನಿನವರು ಜೋಳವನ್ನು ಹಡಗಿಗೆ ಹೇರಿ ಒಯ್ದರು, ಈ ಹೆಂಗಸರ ತಿಳಿವಳಿಕೆಯನ್ನು ಇಲ್ಲೇ ಬಿಟ್ಟುಹೋದರು. ಜೋಳವೇ ಹೊಟ್ಟೆಪಾಡಾದ ಯುರೋಪಿನ ಬಡವರ ಮೈಮೇಲೆ ಕೆಂಪು ಹುಣ್ಣೆದ್ದು, ಭೇದಿ ಹಿಡಿದು, ಬುದ್ಧಿ ಕದಡುವ ಪೆಲಾಗ್ರ ರೋಗ ಕಾಣಿಸಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು ಮೊದಲು ವಿವರಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಪ್ರತಿವರ್ಷ ಸಾವಿರಾರು ಮಂದಿ ಇದಕ್ಕೆ ಬಲಿಯಾಗುತ್ತಿದ್ದರು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ತೋರಿಸಿಕೊಡಬೇಕಾಯಿತು. ದಖ್ಖನಿನಲ್ಲಿ ಬಿಳಿಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಬಡವರಲ್ಲೂ ಪೆಲಾಗ್ರ ಇತ್ತು. 1960ರ ಹೊತ್ತಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಅದರ ಕಾರಣ ಹುಡುಕುತ್ತ ಕೆಲಸ ಮಾಡಿದ್ದರು. ಮೆಕ್ಸಿಕೊದ ಹಳ್ಳಿಗಳಲ್ಲಿ ಮಾತ್ರ, ಮೂರು ಹೊತ್ತೂ ಜೋಳ ಉಂಡರೂ ಈ ರೋಗ ಊರು ಊರನ್ನೇ ಹಿಡಿದದ್ದು ವಿರಳ. 2010ರಲ್ಲಿ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೊ ಮಾನವಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿದಾಗ ಅದರ ತಳಹದಿಯಾಗಿ ಹೆಸರಿಸಿದವುಗಳಲ್ಲಿ ಈ ಸುಣ್ಣದ ಕ್ರಮವೂ ಒಂದು.

ಇಷ್ಟು ತಿಂದು ತಿಳಿದು ಮತ್ತೆ ಸಚಿವಾಲಯದ ಮೂರನೇ ಅಂತಸ್ತಿಗೆ ಹತ್ತಿದರೆ ಚಿತ್ರಗಳು ಬೇರೆಯೇ ಆಗಿ ಕಾಣುತ್ತವೆ. ಅಲ್ಲಿ ಊಟದ ಮೇಜುಗಳ ಒಂದು ಸಾಲೇ ಇದೆ. ‘ಬಂಡವಾಳಗಾರನ ರಾತ್ರಿಯೂಟ’ದಲ್ಲಿ ಮನೆಮಂದಿ ಮೇಜಿನ ಸುತ್ತ ಕೂತಿದ್ದಾರೆ, ಬಡಿಸಿರುವುದು ಚಿನ್ನದ ನಾಣ್ಯ. ‘ವಾಲ್ ಸ್ಟ್ರೀಟಿನ ಔತಣ’ದಲ್ಲಿ ರಾಕೆಫೆಲರ್, ಮಾರ್ಗನ್, ಹೆನ್ರಿ ಫೋರ್ಡ್ ಪಂಕ್ತಿಯಲ್ಲಿ ಕೂತಿದ್ದಾರೆ. ಮೇಜಿನ ಉದ್ದಕ್ಕೂ ಹರಿದಿರುವುದು ಷೇರುಪೇಟೆಯ ದರ ಅಚ್ಚಾದ ಕಾಗದದ ಪಟ್ಟಿ. ಪಕ್ಕದ ದೀಪದ ಕಂಬ ಸ್ವಾತಂತ್ರ್ಯದೇವಿಯ ಪ್ರತಿಮೆಯ ಆಕಾರದ್ದು. ಇವೆರಡಕ್ಕೂ ಉತ್ತರವೆಂಬಂತೆ ‘ನಮ್ಮ ರೊಟ್ಟಿ’ ಎಂಬ ಚಿತ್ರ. ರೈತರು, ಕೂಲಿಕಾರರು, ಮಕ್ಕಳು ಒಂದೇ ಮೇಜಿಗೆ ಕೂತಿದ್ದಾರೆ, ಹಿಂದೆ ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತ ಹೆಂಗಸು ನೆಟ್ಟಗೆ ನಿಂತಿದ್ದಾಳೆ, ಮೇಜಿನ ತಲೆಗೆ ಕೂತವನು ರೊಟ್ಟಿ ಮುರಿಯುತ್ತಿದ್ದಾನೆ.

ಆ ರೊಟ್ಟಿ ಮುರಿಯುವವರ ಮುಖ ಪಾಂಡುರಂಗ ಸದಾಶಿವ ಖಾನಖೋಜೆಯವರದು ಎಂದು ಅವರ ಜೀವನ ಚರಿತ್ರೆ ಬರೆದವರು ಗುರುತಿಸಿದ್ದಾರೆ. ಭಾರತದಿಂದ ಹೋದವರು ಇಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲಬೇಕು. ವಾರ್ಧಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕೃಷಿ ಓದಿ, ಗದರ್ ಚಳವಳಿಗೆ ದುಡಿದು, ಬ್ರಿಟಿಷರ ಕಣ್ಣು ತಪ್ಪಿಸಿ ದೇಶದಿಂದ ದೇಶಕ್ಕೆ ಅಲೆದ ಖಾನಖೋಜೆ 1924ರಲ್ಲಿ ಮೆಕ್ಸಿಕೊ ಸೇರಿದರು. ನಗರದ ಹೊರಗಿನ ಚಾಪಿಂಗೊ ಕೃಷಿ ಶಾಲೆಯಲ್ಲಿ ಅಧ್ಯಾಪಕರಾದರು. ಅದೇ ಶಾಲೆಯ ಪ್ರಾರ್ಥನಾಮಂದಿರದ ಗೋಡೆಗಳಿಗೆ ರಿವೆರಾ ಚಿತ್ರ ಬರೆಯುತ್ತಿದ್ದ ಕಾಲ ಅದು. ಇಬ್ಬರೂ ಆಪ್ತರಾದರು. ಖಾನಖೋಜೆ ಮೆಕ್ಕೆಜೋಳದ ತಳಿ ಸುಧಾರಣೆ ಮಾಡಿದರು, ರೈತರ ಮಕ್ಕಳಿಗೆ ಉಚಿತ ಕೃಷಿ ಶಾಲೆಗಳನ್ನು ತೆರೆದರು. ಆ ತೆನೆಗಳ ಫೋಟೊ ತೆಗೆದವಳು ಹೆಸರಾಂತ ಛಾಯಾಗ್ರಾಹಕಿ ಟಿನಾ ಮೊದೊತ್ತಿ. 2022ರಲ್ಲಿ ಚಾಪಿಂಗೊದಲ್ಲಿ ಅವರ ಪ್ರತಿಮೆ ನಿಂತಿತು. ಪರದೇಶದ ಸರ್ಕಾರಿ ಕಟ್ಟಡದ ಗೋಡೆಯ ಮೇಲೆ ಒಬ್ಬ ಭಾರತೀಯ ಜೋಳದ ವಿಜ್ಞಾನಿಗೆ ರೊಟ್ಟಿ ಹಂಚುವ ಜಾಗ ಸಿಕ್ಕಿದೆ ಎಂಬುದು ನಮ್ಮ ಶಾಲಾ ಪಠ್ಯಗಳಲ್ಲೂ ಇರಬೇಕಾದ ಸಂಗತಿ.

ಸಚಿವಾಲಯದ ಪಕ್ಕದಲ್ಲೇ ಸಾನ್ ಇಲ್ದೆಫೊನ್ಸೊ. 1588ರಲ್ಲಿ ಜೆಸುಯಿಟರು ಸ್ಥಾಪಿಸಿದ ವಿದ್ಯಾಲಯ, ಮುಂದೆ ರಾಷ್ಟ್ರೀಯ ಪ್ರೌಢ ಶಾಲೆಯಾಯಿತು. ಭಿತ್ತಿಚಿತ್ರ ಚಳವಳಿ ಕಣ್ಣುಬಿಟ್ಟದ್ದು 1922ರ ಸುಮಾರಿಗೆ ಇಲ್ಲೇ, ಮುಂದೆ ಚಿತ್ರಕಾರ್ತಿಯಾಗಿ ಹೆಸರಾದ, ರಿವೆರಾನ ಹೆಂಡತಿಯಾದ ಫ್ರಿಡಾ ಕಾಲೊ ಓದಲು ಸೇರಿದ್ದೂ ಅದೇ ವರ್ಷ ಇಲ್ಲಿಗೇ. ಹೊಸೆ ಕ್ಲೆಮೆಂತೆ ಒರೊಸ್ಕೊ ಇಲ್ಲಿ ‘ಶ್ರೀಮಂತರ ಔತಣ’ ಬರೆದ: ಉಳ್ಳವರು ಉಣ್ಣುತ್ತಿದ್ದಾರೆ, ಇಲ್ಲದವರು ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದಾರೆ. 1924ರಲ್ಲಿ ವಿದ್ಯಾರ್ಥಿಗಳು ಸಿಟ್ಟೆದ್ದು ಚಿತ್ರಗಳನ್ನು ಕೆರೆದು ಹಾಳುಮಾಡಿದರು, ಕೆಲಸ ನಿಂತಿತು. ಎರಡು ವರ್ಷದ ಮೇಲೆ ಮರಳಿ ಬಂದ ಒರೊಸ್ಕೊ ‘ಕಂದಕ’ವನ್ನು ಬರೆದ. ರಿವೆರಾನಲ್ಲಿ ಕಾಣುವ ಹಬ್ಬದ ಸಡಗರ ಇವನಲ್ಲಿಲ್ಲ. ಕ್ರಾಂತಿಯ ನೋವನ್ನು ಇಷ್ಟು ನೇರವಾಗಿ ಇನ್ಯಾರೂ ಗೋಡೆಗೆ ಇಳಿಸಲಿಲ್ಲ ಎಂದೇ ಹೇಳಬೇಕು.

ಸೊಕಾಲೊದ ಪೂರ್ವಕ್ಕಿರುವ ರಾಷ್ಟ್ರೀಯ ಅರಮನೆಯೊಳಗೆ ಹೋಗುವ ಅವಕಾಶ ಅಧ್ಯಕ್ಷರ ವಾಸ ಅಲ್ಲಿಗೆ ಬಂದ ಮೇಲೆ ಕಡಿಮೆಯಾಗಿದೆ. ಸಿಕ್ಕಿದರೆ ಬಿಡಬಾರದು. ಮೆಟ್ಟಿಲಿನ ದೊಡ್ಡ ಚಿತ್ರಕ್ಕೆ ಎಲ್ಲರೂ ತಲೆಯೆತ್ತುತ್ತಾರೆ, ಊಟದ ಜಾಡು ಹಿಡಿದವರು ಮಹಡಿಯ ಮೊಗಸಾಲೆಗೆ ಹೋಗಬೇಕು. ಅಲ್ಲಿ 1945ರಲ್ಲಿ ರಿವೆರಾ ಬರೆದ ತ್ಲಾತೆಲೊಲ್ಕೊ ಸಂತೆ ಇದೆ. ದಿನಕ್ಕೆ ಅರವತ್ತು ಸಾವಿರ ಜನ ಸೇರುತ್ತಿದ್ದರೆಂದು ಕೊರ್ತೆಸನೇ ತನ್ನ ರಾಜನಿಗೆ ಬರೆದ ಸಂತೆ ಅದು. ಮುಂದೆ ಬಣ್ಣಬಣ್ಣದ ಜೋಳ, ಮೆಣಸಿನಕಾಯಿ, ಮೀನು, ಹಕ್ಕಿ, ಬೇಸಾಯದ ನೂರೆಂಟು ಸರಕು. ಹಿಂದೆ ನೀರಿನ ನಡುವೆ ಬಿಳಿಯ ನಗರ. ಇನ್ನೊಂದು ಪಟ್ಟಿಯಲ್ಲಿ, 1950ರದು, ವಾಸ್ತೆಕಾ ಜನ ಜೋಳ ಬೆಳೆಯುತ್ತಾರೆ, ಹೆಂಗಸರು ಮಂಡಿಯೂರಿ ಅರೆಯುತ್ತಾರೆ. ಜಗತ್ತು ಮೆಕ್ಸಿಕೊಗೆ ಏನೇನು ಋಣಿ ಎಂಬುದೂ ಈ ಮೊಗಸಾಲೆಯಲ್ಲಿ ಬರಹವಾಗಿ ನಿಂತಿದೆ.

ಆ ಋಣದ ಲೆಕ್ಕದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಪೋರ್ಚುಗೀಸರ ಹಡಗುಗಳು ಗೋವೆಗೆ ಮೆಣಸಿನಕಾಯಿ ತಂದು ಇಳಿಸದಿದ್ದರೆ ಬ್ಯಾಡಗಿಯ ಪೇಟೆ ಇರುತ್ತಿರಲಿಲ್ಲ. ಟೊಮೆಟೊ, ಸಪೋಟ, ಪಪಾಯಿ ಆ ಕಡೆಯಿಂದಲೇ ಬಂದವು. ಹೊಲದ ಬದುವಿಗೆ ಬೇಲಿಯಾಗಿ ನಿಂತ ಕತ್ತಾಳೆ, ಬಯಲುಸೀಮೆಯ ಪಾಪಾಸುಕಳ್ಳಿ ಎರಡರ ತವರೂ ಅದೇ. ಮೆಕ್ಕೆಜೋಳವಂತೂ, ಉತ್ತರದವರ ಬಾಯಲ್ಲಿ ಗೋವಿನಜೋಳ, ದಾವಣಗೆರೆ, ಹಾವೇರಿಯ ಹೊಲಗಳನ್ನೇ ತುಂಬಿದೆ. ಆದರೆ ನಮ್ಮ ಬೆಳೆಯ ದೊಡ್ಡ ಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಅದು ಇಲ್ಲಿಗೆ ಬಂತು, ಅದರ ಅಡುಗೆ ಬರಲಿಲ್ಲ. ವೀಳ್ಯದೆಲೆಗೆ ದಿನವೂ ಸುಣ್ಣ ಹಚ್ಚುವ ನಾಡಿಗೆ ಆ ಸುಣ್ಣವನ್ನು ಜೋಳದ ಪಾತ್ರೆಗೆ ಹಾಕಬಹುದೆಂದು ಹೇಳುವವರು ಆ ಹಡಗುಗಳಲ್ಲಿ ಇರಲಿಲ್ಲ. ತೆನೆಗೆ ಕಾಡಿಗೆ ರೋಗ ಬಂದರೆ ನಮ್ಮ ರೈತರು ಕಿತ್ತು ಸುಡುತ್ತಾರೆ. ಅಲ್ಲಿ ಅದೇ ಕಪ್ಪು ಗಂಟುಗಳನ್ನು ವಿಟ್ಲಕೋಚೆ ಎಂದು ಅಣಬೆಯ ಹಾಗೆ ಬಾಡಿಸಿ ತಿನ್ನುತ್ತಾರೆ, ಒಳ್ಳೆಯ ಬೆಲೆಗೂ ಮಾರುತ್ತಾರೆ.

ಈ ನಡಿಗೆಗಳಲ್ಲಿ ಹೆಚ್ಚಿನವು ಬಿಟ್ಟುಬಿಡುವ, ಬಿಡಲೇಬಾರದ ಜಾಗವೊಂದಿದೆ. ಸೊಕಾಲೊದ ಈಶಾನ್ಯಕ್ಕೆ ಕೆಲವೇ ಬೀದಿಗಳಾಚೆಯ ಅಬೆಲಾರ್ದೊ ರೊದ್ರಿಗೆಸ್ ಮಾರುಕಟ್ಟೆ. 1934ರಲ್ಲಿ ತೆರೆದ ಇದು ಬರೀ ಕಾಯಿಪಲ್ಯದ ಪೇಟೆಯಾಗಿ ಯೋಜಿಸಿದ್ದಲ್ಲ. ಜೊತೆಗೆ ನಾಟಕಶಾಲೆಯಿತ್ತು, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರವಿತ್ತು. ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ ರಿವೆರಾನ ಉಸ್ತುವಾರಿಯಲ್ಲಿ ಎಳೆಯ ಕಲಾವಿದರಿಗೆ ಸಿಕ್ಕಿತು. ವಿಷಯ ಆಹಾರ, ಪೌಷ್ಟಿಕತೆ, ಬೇಸಾಯ. ಆಂಖೆಲ್ ಬ್ರಾಚೊ ಜೀವಸತ್ವಗಳ ಮೇಲೆ ಚಿತ್ರ ಬರೆದ. ಆಂತೊನಿಯೊ ಪುಹೋಲ್ ಆಹಾರವನ್ನೂ ಕೂಲಿಕಾರನ ಕಷ್ಟವನ್ನೂ ಒಂದೇ ಚಿತ್ರದಲ್ಲಿ ಕಟ್ಟಿದ. ಅಮೆರಿಕದಿಂದ ಬಂದಿದ್ದ ಅಕ್ಕತಂಗಿಯರು ಗ್ರೇಸ್ ಮತ್ತು ಮೇರಿಯನ್ ಗ್ರೀನ್‌ವುಡ್ ಮೆಟ್ಟಿಲಿನ ಗೋಡೆಗಳನ್ನು ಹಂಚಿಕೊಂಡರು. ಮೇರಿಯನ್ ಚಿತ್ರದಲ್ಲಿ ಕಾಲುವೆಯ ದೋಣಿಗಳಿಂದ ತರಕಾರಿ ಇಳಿಯುತ್ತದೆ, ಬೆನ್ನು ಬಾಗಿದ ಜನ ಹೊರುತ್ತಾರೆ, ದೃಶ್ಯ ಸಾಗಿದಂತೆ ಯಂತ್ರಗಳೂ ಹಣವೂ ಕಾಣಿಸಿಕೊಳ್ಳುತ್ತವೆ. ಪೌಷ್ಟಿಕ ಆಹಾರದ ಪಾಠವೆಂದು ಹೊರಟದ್ದು, ಬೆಳೆದವನಿಗೇ ಯಾಕೆ ಊಟವಿಲ್ಲ ಎಂಬ ಪ್ರಶ್ನೆಯಾಗಿ ಗೋಡೆ ಹಿಡಿಯಿತು.

ಮೇಲಂತಸ್ತಿನಲ್ಲಿ ಇನ್ನೂ ಒಂದು ಅಚ್ಚರಿಯಿದೆ. ಮುಂದೆ ವಿಶ್ವವಿಖ್ಯಾತನಾದ ಶಿಲ್ಪಿ ಇಸಾಮು ನೊಗುಚಿ 1936ರಲ್ಲಿ ಇಟ್ಟಿಗೆ ಕೆತ್ತಿ, ಬಣ್ಣದ ಸಿಮೆಂಟು ಮೆತ್ತಿ ಸುಮಾರು 22 ಮೀಟರ್ ಉದ್ದದ ಉಬ್ಬುಶಿಲ್ಪ ಮಾಡಿದ. ಅದರಲ್ಲಿ ಐನ್‌ಸ್ಟೈನರ ಶಕ್ತಿ ಸೂತ್ರವೂ ಇದೆ. ಸೂತ್ರ ಸರಿಯಾಗಿ ನೆನಪಿಲ್ಲದೆ ಅವನು ಗೆಳೆಯ ಬಕ್‌ಮಿನ್‌ಸ್ಟರ್ ಫುಲ್ಲರನಿಗೆ ತಂತಿ ಕೊಟ್ಟ. ಫುಲ್ಲರ್ ಐವತ್ತು ಪದಗಳ ತಂತಿಯಲ್ಲಿ ಅದನ್ನು ಬಿಡಿಸಿ ಹೇಳಿ ಕಳಿಸಿದ. ಇವೆಲ್ಲ ಇರುವುದು ದಿನದ ವ್ಯಾಪಾರ ನಡೆಯುವ ಮಾರುಕಟ್ಟೆಯಲ್ಲಿ. ಈರುಳ್ಳಿ ಚೀಲದ ಹಿಂದೆ ಚಿತ್ರ, ಹಗ್ಗಕ್ಕೆ ತೂಗುಹಾಕಿದ ಸರಕಿನ ಮರೆಯಲ್ಲಿ ಚಿತ್ರ. ಎಣ್ಣೆಯ ಹೊಗೆ, ತೇವ, ನೂಕುನುಗ್ಗಲು ಎಲ್ಲದರಿಂದಲೂ ಬಣ್ಣ ನವೆದಿದೆ. ಮ್ಯೂಸಿಯಮ್ಮಿನ ಶುಭ್ರತೆ ಇಲ್ಲದಿದ್ದರೂ ಇವುಗಳನ್ನು ಯಾರಿಗಾಗಿ ಬರೆದರೋ ಅವರು ಪ್ರತಿದಿನ ಇವುಗಳ ಮುಂದೆಯೇ ಇದ್ದಾರೆ. ಹಾಗಾಗಿ ಇಡೀ ಪೇಟೆಯಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎಂದಾದರೆ ಇದನ್ನೇ ನೋಡಬೇಕು, ಇದಕ್ಕೆ ಸರಿಯಾದ ಕಾಪು ಸಿಗಬೇಕೆಂದು ಒತ್ತಾಯಿಸುವವರು ಹೆಚ್ಚಬೇಕು.

ಇಲ್ಲೇ ಒಂದು ಎಚ್ಚರಿಕೆಯ ಮಾತು. ಗೋಡೆಯ ಮೇಲಿನ ಜೋಳವನ್ನು ಹೊಗಳಿ, ತಟ್ಟೆಯ ಮೇಲಿನ ಜೋಳದ ಗತಿ ಕೇಳದ ಪ್ರವಾಸ ಅರ್ಧ ಪ್ರವಾಸ. 1949ರಿಂದ ಕಾರ್ಖಾನೆಯ ಒಣಹಿಟ್ಟು ಮಾರುಕಟ್ಟೆಗೆ ಬಂದು, ಮೊಹಲ್ಲಾ ಮೊಹಲ್ಲಾದಲ್ಲಿದ್ದ ಹಸಿಜೋಳ ಅರೆಯುವ ಗಿರಣಿಗಳಿಗೆ ಪೈಪೋಟಿ ಶುರುವಾಯಿತು. ಅಮೆರಿಕ ತನ್ನ ಜೋಳವನ್ನು ಇಂಧನಕ್ಕೆ ತಿರುಗಿಸಿದ್ದೂ ಸೇರಿದಂತೆ ಹಲವು ಕಾರಣಕ್ಕೆ 2007ರ ಆರಂಭದಲ್ಲಿ ದಿನನಿತ್ಯದ ಜೋಳದ ರೊಟ್ಟಿಯಾದ ಟೊರ್ಟಿಯಾದ ಬೆಲೆ ಗಗನಕ್ಕೇರಿತು. ಜನವರಿ 31ರಂದು ಹತ್ತಾರು ಸಾವಿರ ಜನ ಇದೇ ಸೊಕಾಲೊಗೆ ಮೆರವಣಿಗೆಯಲ್ಲಿ ಬಂದರು. ಕುಲಾಂತರಿ ಜೋಳದ ವಿಚಾರದಲ್ಲಿ ಅಮೆರಿಕದೊಂದಿಗೆ ನಡೆದ ವ್ಯಾಪಾರ ವ್ಯಾಜ್ಯದಲ್ಲಿ 2024ರ ಕೊನೆಗೆ ಮೆಕ್ಸಿಕೊ ಸೋತಿತು. ಮರುವರ್ಷ ಸಂವಿಧಾನವನ್ನೇ ತಿದ್ದಿ ಕುಲಾಂತರಿ ಜೋಳ ಬಿತ್ತುವುದನ್ನು ನಿಷೇಧಿಸಿತು. ಈ ನೆಲದಲ್ಲಿ ಒಂಬತ್ತು ಸಾವಿರ ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಪಳಗಿಸಿದ ಬೆಳೆ ಅದು. ನೀಲಿ, ಕೆಂಪು, ಬಿಳಿ, ಹಳದಿ ತಳಿಗಳು ರೈತರ ಮನೆಯ ಬೀಜದ ಮಡಕೆಯಲ್ಲಿ ಉಳಿದಿವೆ. ಬೀದಿಯಲ್ಲಿ ಒಂದು ತ್ಲಾಕೊಯೊ ಕೊಂಡರೆ ಆ ನೀಲಿ ಜೋಳ ಬೆಳೆದವರಿಗೆ ಒಂದಿಷ್ಟಾದರೂ ಹೋಗುತ್ತದೆ ಎಂದು ಬಲ್ಲ ಮಾರ್ಗದರ್ಶಿಗಳು ಹೇಳುತ್ತಾರೆ, ಅದು ನಿಜವೂ ಹೌದು.

ಪಶ್ಚಿಮಕ್ಕೆ ತಾಕೂಬಾ ಬೀದಿ ಹಿಡಿದರೆ 1912ರ ಕಾಫೆ ದೆ ತಾಕೂಬಾ ಇದೆ. ಮೋಲೆ ಎಂಬ ಗಟ್ಟಿ ಸಾರನ್ನು ಪ್ವೆಬ್ಲಾ ಊರಿನ ಸನ್ಯಾಸಿನಿಯರು ಒಂದು ದಿನ ಮೆಣಸಿನಕಾಯಿ, ಚಾಕೊಲೇಟು, ಸಾಂಬಾರಗಳನ್ನು ಕೂಡಿಸಿ ಕಂಡುಹಿಡಿದರೆಂಬ ಕಥೆಯನ್ನು ಅಲ್ಲಿ ದೊಡ್ಡ ಚಿತ್ರವಾಗಿ ತೂಗುಹಾಕಿದ್ದಾರೆ. ಕಥೆ ಸೊಗಸಾಗಿದೆ, ಆದರೆ ಮೆಣಸಿನಕಾಯಿ ಅರೆದು ಸಾರು ಮಾಡುವುದು ಸ್ಪೇನಿನವರು ಬರುವ ಮೊದಲೇ ಈ ನಾಡಿಗೆ ಗೊತ್ತಿತ್ತು. ಮಠದ ಒಲೆಯ ಮೇಲೆ ಅದಕ್ಕೆ ದಾಲ್ಚಿನ್ನಿ, ಲವಂಗ, ಎಳ್ಳು, ಬಾದಾಮಿ ಬಂದು ಸೇರಿದವು ಎನ್ನುವುದು ಹೆಚ್ಚು ಒಪ್ಪುವ ಮಾತು.

ಅಲ್ಲಿಂದ ಅಲಮೇದಾ ಉದ್ಯಾನದ ಆಚೆ ಬದಿಗೆ ರಿವೆರಾನ ಹೆಸರಿನದೇ ಮ್ಯೂಸಿಯಂ. ಅದರೊಳಗಿನ ‘ಅಲಮೇದಾದಲ್ಲೊಂದು ಭಾನುವಾರದ ಮಧ್ಯಾಹ್ನದ ಕನಸು’ ಮೊದಲು ಇದ್ದದ್ದು ಒಂದು ಹೋಟೆಲಿನ ಊಟದ ಮನೆಯಲ್ಲಿ. 1947ರಲ್ಲಿ ದೆಲ್ ಪ್ರಾದೊ ಹೋಟೆಲಿಗಾಗಿ ರಿವೆರಾ ಬರೆದ, ಹದಿನೈದು ಮೀಟರಿಗೂ ಉದ್ದದ ಚಿತ್ರ. ನಡುವೆ ಪೊಸಾದಾ ಎಂಬ ಅಚ್ಚುಚಿತ್ರಗಾರ ಸೃಷ್ಟಿಸಿದ ಸಿಂಗಾರದ ಅಸ್ಥಿಪಂಜರ ಕತ್ರೀನಾ, ಅವಳ ಕೈ ಹಿಡಿದ ಹುಡುಗ ರಿವೆರಾ, ಅವನ ಬೆನ್ನ ಹಿಂದೆ ಫ್ರಿಡಾ. ಚಿತ್ರದಲ್ಲಿ ಒಬ್ಬನ ಕೈಯ ಕಾಗದದ ಮೇಲೆ ದೇವರಿಲ್ಲ ಎಂದು ಬರೆದಿತ್ತು. ಗದ್ದಲವೆದ್ದಿತು. ಹೋಟೆಲಿನವರು ವರ್ಷಗಟ್ಟಲೆ ಚಿತ್ರವನ್ನು ಮುಚ್ಚಿಟ್ಟರು. 1956ರಲ್ಲಿ ರಿವೆರಾ ಆ ಮಾತು ಅಳಿಸಿದ ಮೇಲೆಯೇ ಪರದೆ ಸರಿಯಿತು. 1985ರ ಸೆಪ್ಟೆಂಬರಿನ ಭೂಕಂಪಕ್ಕೆ ಹೋಟೆಲು ಜಖಂಗೊಂಡಿತು, ಗೋಡೆ ಉಳಿಯಿತು. ಆ ಗೋಡೆಯನ್ನು ಇಡಿಯಾಗಿ ಕಿತ್ತು ರಸ್ತೆ ದಾಟಿಸಿ, ಅದಕ್ಕೆಂದೇ ಕಟ್ಟಡ ಎಬ್ಬಿಸಿದರು.

ಕನ್ನಡದ ಓದುಗರು ಹೋಗುವುದಾದರೆ ಒಂದೆರಡು ಉಪಯೋಗದ ಮಾತು. ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಮಾಂಸ ತಿನ್ನದವರು ಹಸಿವಿನಿಂದ ಬರಬೇಕಾಗಿಲ್ಲ: ತ್ಲಾಕೊಯೊ ಇದೆ, ಕುಂಬಳದ ಹೂವಿನ, ವಿಟ್ಲಕೋಚೆಯ ಹೂರಣವಿಟ್ಟು ಮಡಚಿದ ರೊಟ್ಟಿ ಕೆಸದಿಯಾ ಇದೆ, ತ್ಲಾಸ್ಕಾಲಾದ ಹಳ್ಳಿಗಳಿಂದ ಬಂದವರು ಸೈಕಲ್ಲಿನ ಬುಟ್ಟಿಯಲ್ಲಿ ಬಿಸಿಯಾಗಿ ಇಟ್ಟು ಮಾರುವ ಆಲೂಗಡ್ಡೆಯ ತಾಕೊ ಇದೆ. ಆದರೆ ಕಾಳಿನ ಹೂರಣಕ್ಕೂ ತಮಾಲೆ ಎಂಬ ಹಬೆಯಲ್ಲಿ ಬೇಯಿಸಿದ ಜೋಳದ ಕಡುಬಿಗೂ ಹಂದಿಯ ಕೊಬ್ಬು ಹಾಕುವುದು, ಅನ್ನವನ್ನು ಕೋಳಿಸಾರಿನಲ್ಲಿ ಬೇಯಿಸುವುದು ಅಲ್ಲಿ ವಾಡಿಕೆ. ‘ಸಿನ್ ಮಾಂತೆಕಾ?’ ಎಂದು ಕೇಳಿದರೆ ಕೊಬ್ಬಿಲ್ಲದ್ದು ಯಾವುದೆಂದು ಹಂಚಿನ ಮುಂದಿನವರು ಬೇಸರಿಸದೆ ತೋರಿಸುತ್ತಾರೆ. ಮಾರುಕಟ್ಟೆಯ ಊಟದ ಅಂಗಡಿಗಳಲ್ಲಿ ಮಧ್ಯಾಹ್ನ ಎರಡರ ಸುಮಾರಿಗೆ ಸೂಪು, ಅನ್ನ, ಪಲ್ಯ, ಟೊರ್ಟಿಯಾ ಸೇರಿದ ಊಟ ಬಿಸಿಯಾಗಿ ಸಿಗುತ್ತದೆ. ಜೊತೆಗೆ ಕೊಡುವ ಕಡುಗೆಂಪು ಹಮಾಯ್ಕಾ ಪಾನಕ ನಮ್ಮ ಪುಂಡಿಯ ಜಾತಿಗೇ ಸೇರಿದ ಗಿಡದ ಹೂವಿನ ಪುಷ್ಪಪಾತ್ರೆಯಿಂದ ಮಾಡಿದ್ದು, ಹುಳಿ ಬೇಕಾದವರು ಸಕ್ಕರೆ ಕಡಿಮೆ ಹಾಕಲು ಮೊದಲೇ ಹೇಳಬೇಕು.